ಮನೆ ಕಂಡ ಗಾಜು
ಅಜ್ಜನ ಮನೆ ಕೆಡವಿದಾಗ ಬೀಟೆಯ ಬಾಗಿಲಿಗೆ ಗಿರಾಕಿ ಸಿಕ್ಕ. ಕಿಟಕಿಯ ಬಣ್ಣದ ಗಾಜು ತಿಪ್ಪೆ ಸೇರಿತು. ಅದಕ್ಕೇ ಇರಬೇಕು, ಇಂಗ್ಲೆಂಡಿನ ಸರ್ ಬ್ರೂಕ್ ಬೂತ್‌ಬಿಯ ಮೇಲೆ ನನಗೆ ಗೌರವ.

ಈಗಿನ ಬೆಲ್ಜಿಯಮ್ಮಿನ ಹರ್ಕೆನ್‌ರೋಡ್ ಸಂನ್ಯಾಸಿನಿಯರ ಮಠವನ್ನು 1797ರಲ್ಲಿ ಫ್ರೆಂಚ್ ಕ್ರಾಂತಿಯ ಸರ್ಕಾರ ಮುಚ್ಚಿಸಿತು. 1530ರ ದಶಕದ ಅಲ್ಲಿನ ಬೃಹತ್ ಗಾಜುಚಿತ್ರಗಳು ಅನಾಥವಾದವು. 1802ರಲ್ಲಿ ಅವನ್ನು 200 ಪೌಂಡಿಗೆ ಕೊಂಡ ಬೂತ್‌ಬಿ, ಲಾಭದಾಸೆಯಿಲ್ಲದೆ ಅದೇ ಬೆಲೆಗೆ ಲಿಚ್‌ಫೀಲ್ಡ್ ಕೆಥೆಡ್ರಲ್ಲಿಗೆ ಬಿಟ್ಟುಕೊಟ್ಟ. ಅಲ್ಲಿಯ ಹಳೆಯ ಗಾಜನ್ನು 1640ರ ದಶಕದ ಅಂತರ್ಯುದ್ಧ ಪುಡಿಮಾಡಿತ್ತು. ಕ್ಯಾಥೊಲಿಕ್ ಸಂನ್ಯಾಸಿನಿಯರ ಗಾಜು ಪ್ರಾಟೆಸ್ಟೆಂಟರ ಕಿಟಕಿಗೆ! ನಮ್ಮ ಮಡಿವಂತರು ಒಪ್ಪುತ್ತಿದ್ದರೇ?

ಎರಡನೆಯ ಮಹಾಯುದ್ಧದಲ್ಲಿ ಬಾಂಬಿನ ಭಯಕ್ಕೆ ಕಳಚಿಟ್ಟು, ಆಮೇಲೆ ಕೂರಿಸಿದರು. 2010ರಲ್ಲಿ ದುರಸ್ತಿಗೆಂದು ಇಳಿಸಿದ್ದು 2015ರಲ್ಲಿ ಮತ್ತೆ ತನ್ನ ಜಾಗಕ್ಕೆ ಏರಿತು.