ಗುಂಡ್ಲುಪೇಟೆ ದಾಟಿದ ಮೇಲೆ ಸಿಕ್ಕ ಕುಡುಗೋಲು

ಗುಂಡ್ಲುಪೇಟೆಯಲ್ಲಿ ಊಟಿ ಬಸ್ ಹತ್ತಿದವರಿಗೆ ಈ ದಾರಿ ಗೊತ್ತು. ಬಂಡೀಪುರ, ಕೆಕ್ಕನಹಳ್ಳ ಚೆಕ್‌ಪೋಸ್ಟ್, ಆಮೇಲೆ ತಮಿಳುನಾಡು. ಎಲ್ಲರೂ ಮೊಬೈಲ್ ಹಿಡ್ಕೊಂಡು ಆನೆ ಹುಡುಕ್ತಾ ಇರ್ತಾರೆ. ಇವತ್ತು ಆನೆ ಕಥೆ ಅಲ್ಲ. ಆ ನೀಲಗಿರಿ ಬೆಟ್ಟದ ಜನರ ರಕ್ತದಲ್ಲಿ ಕಂಡ ಒಂದು ವಿಚಿತ್ರದ ಕಥೆ.

ನಾನು ಬಿಕಾಂ ಓದಿದವನು. ಹತ್ತನೇ ಕ್ಲಾಸ್ ಆದ್ಮೇಲೆ ಜೀವಶಾಸ್ತ್ರದ ಪುಸ್ತಕ ಮುಟ್ಟಿಲ್ಲ. ನಂಗೆ ಅರ್ಥವಾದ ಹಾಗೇ ಹೇಳ್ತೀನಿ. ಅಮೀಬಾದಂಥ ಏಕಕೋಶ ಜೀವಿಗೆ ಸಾಗಣೆಯ ಚಿಂತೆಯಿಲ್ಲ. ಸುತ್ತಲಿನ ನೀರಿನಿಂದ ಆಮ್ಲಜನಕ ನೇರವಾಗಿ ಒಳಗೆ ಬರುತ್ತೆ, ಇಂಗಾಲದ ಡೈಆಕ್ಸೈಡ್ ಹೊರಗೆ ಹೋಗುತ್ತೆ. ಆನೆಗೂ ನಮಗೂ ಅದು ಸಾಲಲ್ಲ. ಶ್ವಾಸಕೋಶಕ್ಕೆ ಬಂದ ಆಮ್ಲಜನಕ ಕಾಲಿನ ಹೆಬ್ಬೆರಳಿಗೂ ತಲುಪಬೇಕು. ಅದನ್ನು ಹೊರೋದು ಕೆಂಪು ರಕ್ತಕಣದೊಳಗಿನ ಹಿಮೋಗ್ಲೋಬಿನ್. ಒಂದೇ ಕಣದಲ್ಲಿ ಸುಮಾರು 27 ಕೋಟಿ ಹಿಮೋಗ್ಲೋಬಿನ್ ಅಣುಗಳು. ಲೋಡ್ ಇಳಿಸೋ ಜಾಗ ಕೂದಲಿಗಿಂತ ತೆಳ್ಳಗಿನ ಲೋಮನಾಳ. ಕಣ ಅಲ್ಲಿ ಮೈ ಮಡಚಿಕೊಂಡು ನುಸುಳಬೇಕು.

ಕೆಲವರ ರಕ್ತದಲ್ಲಿ ತೊಂದರೆ ಶುರುವಾಗೋದೇ ಲೋಡ್ ಇಳಿಸಿದ ಮೇಲೆ. ಆಮ್ಲಜನಕ ಬಿಟ್ಟ ಹಿಮೋಗ್ಲೋಬಿನ್ ಒಂದಕ್ಕೊಂದು ಅಂಟಿ ಉದ್ದ ಎಳೆಗಳಾಗುತ್ತೆ. ದುಂಡಗಿನ ಕಣ ಬಾಗಿ ಕುಡುಗೋಲಿನ ಹಾಗಾಗುತ್ತೆ, ಗಡುಸಾಗಿ ನಾಳದಲ್ಲಿ ಸಿಕ್ಕಿಕೊಳ್ಳುತ್ತೆ. ಅದರ ಮುಂದಿನ ಭಾಗಕ್ಕೆ ಆಮ್ಲಜನಕ ಇಲ್ಲ. ಮೂಳೆಯೊಳಗಿಂದ ನೋವು. ಹೊರಗೆ ಗಾಯ ಕಾಣಲ್ಲ, ಹಾಗಾಗಿ ನೋಡುವವರು ನಾಟಕ ಅಂದುಕೊಳ್ಳೋದೂ ಸುಲಭ. 120 ದಿನ ಬಾಳಬೇಕಾದ ಕಣ 10ರಿಂದ 20 ದಿನಕ್ಕೇ ಸಾಯುತ್ತೆ, ಅದಕ್ಕೇ ರಕ್ತಹೀನತೆ.

ಶಿಕಾಗೋದ ವೈದ್ಯ ಜೇಮ್ಸ್ ಹೆರಿಕ್ ಇಂಥ ಕಣಗಳ ಬಗ್ಗೆ ಬರೆದದ್ದು 1910ರಲ್ಲಿ. ರೋಗಿ ಗ್ರೆನಡಾ ದ್ವೀಪದಿಂದ ದಂತವೈದ್ಯಕೀಯ ಓದಲು ಬಂದಿದ್ದ ಹುಡುಗ. ಆಮೇಲೆ ಬಹಳ ಕಾಲ ಇದನ್ನು ಆಫ್ರಿಕಾ ಮೂಲದವರ ಕಾಯಿಲೆ ಅಂತಲೇ ಅಂದುಕೊಂಡಿದ್ದರು. 1949ರಲ್ಲಿ ಲೈನಸ್ ಪಾಲಿಂಗ್ ತಂಡ ದೋಷ ಹಿಮೋಗ್ಲೋಬಿನ್‌ನಲ್ಲೇ ಇದೆ ಅಂತ ತೋರಿಸಿತು.

1952ರಲ್ಲಿ ಹರ್ಮನ್ ಲೇಮನ್ ಮತ್ತು ಮೇರಿ ಕಟ್‌ಬುಷ್ ನೀಲಗಿರಿಯ ಬುಡಕಟ್ಟು ಜನರಲ್ಲೂ ಅದೇ ಕುಡುಗೋಲು ಇದೆ ಅಂತ ಪ್ರಕಟಿಸಿದರು. ಲೇಮನ್ ನಾಜಿಗಳ ಕಾಲದಲ್ಲಿ ಜರ್ಮನಿ ಬಿಟ್ಟು ಇಂಗ್ಲೆಂಡ್ ಸೇರಿದ್ದ ವಿಜ್ಞಾನಿ. ಜನಾಂಗದ ಹೆಸರಲ್ಲಿ ದೇಶ ಕಳೆದುಕೊಂಡ ಮನುಷ್ಯ ಒಂದೇ ರಕ್ತದ ಗುರುತನ್ನು ಎರಡು ಖಂಡಗಳಲ್ಲಿ ಕಂಡಿದ್ದು ನಂಗೆ ತುಂಬಾ ಕಾಡುತ್ತೆ. ಆದ್ರೆ ಇದು ಆಫ್ರಿಕಾದಿಂದ ಬಂತಾ ಇಲ್ವಾ ಅಂತ ಖಚಿತವಾಗಿ ಹೇಳೋ ಹಾಗಿಲ್ಲ. ಡಿಎನ್‌ಎ ಪರೀಕ್ಷೆ ಬಂದಮೇಲೆ ಭಾರತ ಮತ್ತು ಅರೇಬಿಯಾದ ಕುಡುಗೋಲು ಜೀನ್ ಬೇರೆಯಾಗಿಯೇ ಹುಟ್ಟಿರಬೇಕು ಅಂತ ಹಲವರು ಹೇಳಿದರು, ಆದ್ರೆ ಅದು ಇನ್ನೂ ಇತ್ಯರ್ಥವಾಗಿಲ್ಲ. ಉಳಿದುಕೊಂಡಿದ್ದು ಮಲೇರಿಯಾದಿಂದಾಗಿ. ತಂದೆ ಅಥವಾ ತಾಯಿ, ಒಬ್ಬರಿಂದ ಮಾತ್ರ ಈ ಜೀನ್ ಬಂದ ಮಗುವಿಗೆ ಮಲೇರಿಯಾದಿಂದ ರಕ್ಷಣೆ ಇತ್ತು.

ಈಗ ನಮ್ಮ ಜಿಲ್ಲೆ. ಬಿಳಿಗಿರಿರಂಗನ ಬೆಟ್ಟದಲ್ಲಿ ಡಾ. ಸುದರ್ಶನ್ ಅವರು 1981ರಲ್ಲಿ ವಿವೇಕಾನಂದ ಗಿರಿಜನ ಕಲ್ಯಾಣ ಕೇಂದ್ರ ಶುರು ಮಾಡಿದರು. ಸೋಲಿಗರಲ್ಲೂ ಈ ಕಾಯಿಲೆ ಇರೋದು ಅಲ್ಲಿನ ವೈದ್ಯರ ಕೆಲಸದಿಂದ ಹೊರಗೆ ಬಂತು. 2023ರ ಜುಲೈ 1ಕ್ಕೆ ಶುರುವಾದ ರಾಷ್ಟ್ರೀಯ ಮಿಷನ್‌ನಲ್ಲಿ ಕರ್ನಾಟಕವೂ ಇದೆ. 7 ಕೋಟಿ ಜನರನ್ನು ತಪಾಸಣೆ ಮಾಡಿ ಕಾರ್ಡ್ ಕೊಡೋದು ಆಗ ಇಟ್ಟುಕೊಂಡ ಗುರಿಯಾಗಿತ್ತು.

ಆ ಕಾರ್ಡೇ ಈಗಿನ ಕಷ್ಟ. ಕಾಯಿಲೆ ಇರುವವರಿಗೆ ಹೈಡ್ರಾಕ್ಸಿಯೂರಿಯಾ ಮಾತ್ರೆ ಇದೆ, ನೋವು ಬರೋದು ಕಡಿಮೆಯಾಗುತ್ತೆ. ವಾಹಕರು ಅಂತ ಬರೆದಿದ್ದರೆ ಅವರು ರೋಗಿಗಳಲ್ಲ, ಎಲ್ಲರ ಹಾಗೇ ದುಡಿಯಬಹುದು. ಆದ್ರೂ ಹುಡುಗಿಗೆ ಸಂಬಂಧ ತಪ್ಪಿಹೋಗುತ್ತೆ ಅಂತ ಕಾರ್ಡ್ ಮುಚ್ಚಿಡೋ ಭಯ ನಿಜ. ಲೆಕ್ಕ ಇಷ್ಟೇ: ಒಬ್ಬರು ವಾಹಕ, ಇನ್ನೊಬ್ಬರಿಗೆ ಇಂಥ ಯಾವ ಜೀನೂ ಇಲ್ಲ ಅಂದ್ರೆ ಮಗುವಿಗೆ ಈ ಕಾಯಿಲೆ ಬರಲ್ಲ. ಇಬ್ಬರೂ ವಾಹಕರಾದರೆ ಪ್ರತಿ ಬಸಿರಿನಲ್ಲೂ 25 ಪರ್ಸೆಂಟ್ ಸಾಧ್ಯತೆ. ಮೊದಲ ಮಗು ಚೆನ್ನಾಗಿ ಹುಟ್ಟಿತು ಅಂತ ಎರಡನೇ ಸಲಕ್ಕೆ ಆ ಲೆಕ್ಕ ಬದಲಾಗಲ್ಲ.