ಗಡಿ ದಾಟಿದ ಆದಿವಾಸಿ: ಓಖ್ಲಾದಲ್ಲಿ ದೌರ್ಜನ್ಯ ತಡೆ ಕಾಯ್ದೆಯ ಪ್ರಶ್ನೆ

2011ರ ಜನಗಣತಿಯಲ್ಲಿ ದೆಹಲಿಯ ಪರಿಶಿಷ್ಟ ಪಂಗಡಗಳ ಜನಸಂಖ್ಯೆ ಸೊನ್ನೆ. ಹಾಗೆಂದು ಅಲ್ಲಿ ಆದಿವಾಸಿಗಳೇ ಇಲ್ಲವೆಂದಲ್ಲ. ಸಂವಿಧಾನದ 342ನೇ ವಿಧಿಯಡಿ ಪಂಗಡಗಳ ಪಟ್ಟಿ ರಾಜ್ಯವಾರು ತಯಾರಾಗುತ್ತದೆ. ದೆಹಲಿಗೆ ಅಂಥ ಪಟ್ಟಿಯೇ ಇಲ್ಲ. ಜಾರ್ಖಂಡ್, ಛತ್ತೀಸಗಢ, ಒಡಿಶಾಗಳ ಒರಾಂವ್, ಮುಂಡಾ, ಸಂತಾಲ ಹೆಣ್ಣುಮಕ್ಕಳು ಮಾತ್ರ ರಾಜಧಾನಿಯ ಮನೆಗಳಲ್ಲಿ ದಶಕಗಳಿಂದ ದುಡಿಯುತ್ತಲೇ ಇದ್ದಾರೆ.

ಜಾರ್ಖಂಡಿನ ಗುಮ್ಲಾ ಜಿಲ್ಲೆಯ ಒರಾಂವ್ ಯುವತಿಯೊಬ್ಬಳನ್ನು ದೆಹಲಿಯ ಓಖ್ಲಾದ ಆಸುಪಾಸಿನ ಮನೆಯೊಂದರಲ್ಲಿ ಸಂಬಳವಿಲ್ಲದೆ ಕೂಡಿಹಾಕಿ ದುಡಿಸಿಕೊಂಡರು ಎಂದಿಟ್ಟುಕೊಳ್ಳೋಣ. ಅವಳ ಮನೆಮಾತು ಕುಡುಖ್. ಕನ್ನಡದಂತೆ ಅದೂ ದ್ರಾವಿಡ ನುಡಿಯೇ. ಠಾಣೆಯಲ್ಲಿ ಆ ಮಾತು ಬಲ್ಲವರು ಸಿಗುವುದು ಅಪರೂಪ. ಜಾತಿ ಪ್ರಮಾಣಪತ್ರ ಜಾರ್ಖಂಡಿನದು. ಪರಿಶಿಷ್ಟ ಜಾತಿ, ಪಂಗಡಗಳವರ ಮೇಲಿನ ದೌರ್ಜನ್ಯ ತಡೆಯುವ 1989ರ ಕಾಯ್ದೆಯಡಿ ದೂರು ದಾಖಲಾದರೆ ತನಿಖೆ ಡಿವೈಎಸ್‌ಪಿ ದರ್ಜೆಗೆ ಕಡಿಮೆಯಿಲ್ಲದ ಅಧಿಕಾರಿಯ ಕೈಗೆ ಹೋಗುತ್ತದೆ, ವಿಶೇಷ ನ್ಯಾಯಾಲಯ ಸಿಗುತ್ತದೆ, ಪರಿಹಾರಧನ ಬರುತ್ತದೆ, ಆರೋಪಿಯ ಜಾಮೀನು ವಿಚಾರಣೆಯಲ್ಲಿ ಅವಳ ಮಾತನ್ನೂ ಕೇಳಬೇಕಾಗುತ್ತದೆ. ‘ದೆಹಲಿಯಲ್ಲಿ ನೀನು ಪರಿಶಿಷ್ಟಳಲ್ಲ’ ಎಂಬ ಒಂದೇ ವಾದಕ್ಕೆ ಮಣಿದರೆ ಇದೆಲ್ಲವೂ ಕೈತಪ್ಪುತ್ತದೆ.

ಈ ವಾದದ ಬೇರು 1990ರ ಮರ್ರಿ ಚಂದ್ರಶೇಖರ ರಾವ್ ಪ್ರಕರಣದಲ್ಲಿದೆ. ಪರಿಶಿಷ್ಟ ಸ್ಥಾನಮಾನ ರಾಜ್ಯದಿಂದ ರಾಜ್ಯಕ್ಕೆ ವಲಸೆ ಹೋಗದು ಎಂದು ಸುಪ್ರೀಂ ಕೋರ್ಟ್ ಅಲ್ಲಿ ಹೇಳಿತು. ಆದರೆ ಅದು ವೈದ್ಯಕೀಯ ಸೀಟಿನ ವ್ಯಾಜ್ಯ. ಸೀಟುಗಳು ಎಣಿಕೆಯವು, ಒಬ್ಬರಿಗೆ ಕೊಟ್ಟರೆ ಇನ್ನೊಬ್ಬರಿಗೆ ಇಲ್ಲ. ಮೈಮೇಲಿನ ಹಲ್ಲೆಯಿಂದ ರಕ್ಷಣೆ ಅಂಥ ಹಂಚಿಕೆಯ ವಸ್ತುವಲ್ಲ. ವಲಸೆ ಬಂದವಳಿಗೆ ಅದನ್ನು ಕೊಟ್ಟರೆ ಸ್ಥಳೀಯರ ಪಾಲು ತುಸುವೂ ತಗ್ಗದು. ಬಾಂಬೆ ಹೈಕೋರ್ಟಿನ ಪೂರ್ಣಪೀಠ 2023ರಲ್ಲಿ ಕಾಯ್ದೆಯ ರಕ್ಷಣೆ ದೇಶದೆಲ್ಲೆಡೆ ಸಲ್ಲುತ್ತದೆಂದು ತೀರ್ಪಿತ್ತಿತು. ದೆಹಲಿಯ ನ್ಯಾಯಾಲಯಗಳು ಅದಕ್ಕೆ ಬದ್ಧವಲ್ಲ.

ಪಟ್ಟಿಯ ಗಡಿ ಎಷ್ಟು ಕೃತಕ ಎಂಬುದನ್ನು ಕಾಸರಗೋಡಿನವರು ಬಲ್ಲರು. ಕರ್ನಾಟಕ-ಕೇರಳ ಗಡಿಯ ತಲಪಾಡಿಯ ಈಚೆ ದಕ್ಷಿಣ ಕನ್ನಡದ ಮರಾಟಿಗರು ಪರಿಶಿಷ್ಟ ಪಂಗಡದಲ್ಲೇ ಉಳಿದರು. ಆಚೆ ಅವರದೇ ನೆಂಟರಿಷ್ಟರನ್ನು 2002ರ ತಿದ್ದುಪಡಿ ಕಾಯ್ದೆ ಕೇರಳದ ಪಟ್ಟಿಯಿಂದ ಹೊರಗಿಟ್ಟಿತು, 2013ರ ಕಾಯ್ದೆ ಮರಳಿ ಸೇರಿಸಿತು. ಆ ನಡುವೆ ಅವರ ಬದುಕಾಗಲಿ, ಅವರನ್ನು ಕಾಣುವ ಕಣ್ಣಾಗಲಿ ಬದಲಾಗಿರಲಿಲ್ಲ.

ವಲಸೆ ಬಂದವರಿಗೆ ರಕ್ಷಣೆ ಸಲ್ಲುತ್ತದೆಯೇ ಎಂಬುದನ್ನು ಒಂದೊಂದೇ ಹೈಕೋರ್ಟಿನ ವ್ಯಾಖ್ಯಾನಕ್ಕೆ ಬಿಡಬಾರದು. ದೌರ್ಜನ್ಯ ತಡೆ ಕಾಯ್ದೆಯ 2(1)(ಸಿ) ವ್ಯಾಖ್ಯೆಗೆ, ಯಾವುದೇ ರಾಜ್ಯದ ಪಟ್ಟಿಯಲ್ಲಿರುವವರು ದೇಶದೆಲ್ಲೆಡೆ ರಕ್ಷಣೆಗೆ ಅರ್ಹರು ಎಂಬ ವಾಕ್ಯವನ್ನು ಸಂಸತ್ತು ಸೇರಿಸಬೇಕು. ರಾಷ್ಟ್ರೀಯ ಪರಿಶಿಷ್ಟ ಪಂಗಡಗಳ ಆಯೋಗದ ಕಚೇರಿ ಇರುವುದು ದೆಹಲಿಯಲ್ಲೇ, ಖಾನ್ ಮಾರ್ಕೆಟ್ ಬಳಿಯ ಲೋಕನಾಯಕ ಭವನದಲ್ಲಿ. ಈ ಶಿಫಾರಸು ಅಲ್ಲಿಂದಲೇ ಹೊರಡಲಿ.