ಗ್ಯಾಸ್ ಬದಲಾದಂತೆ ಬದಲಾದ ಗೇಜು

ಕರೆದ ಹಾಲು ಸುಮಾರು 35 ಡಿಗ್ರಿ ಸೆಲ್ಸಿಯಸ್ ಬಿಸಿಯಲ್ಲಿ ಡೇರಿಗೆ ಬರುತ್ತದೆ. ಮೂರು, ಮೂರೂವರೆ ಗಂಟೆಯೊಳಗೆ ಅದು 4 ಡಿಗ್ರಿಗೆ ಇಳಿಯಬೇಕು. ಇಳಿಯದಿದ್ದರೆ ಊರಿನ ಅಷ್ಟೂ ಮನೆಗಳ ದುಡಿಮೆ ಒಂದೇ ಟ್ಯಾಂಕಿನಲ್ಲಿ ಹುಳಿಯಾಗುತ್ತದೆ. ಚನ್ನರಾಯಪಟ್ಟಣ ತಾಲ್ಲೂಕಿನ ಹಿರೀಸಾವೆ ಹೋಬಳಿಯಂಥ ತೆಂಗು ಮತ್ತು ಹಸುಗಳ ಸೀಮೆಯಲ್ಲಿ ಕೂಲಿಂಗ್ ಎಂದರೆ ಮೊದಲು ನೆನಪಾಗಬೇಕಾದ್ದು ಎಸಿ ಅಲ್ಲ, ಹಾಲಿನ ಬಿಎಂಸಿ (ಬಲ್ಕ್ ಮಿಲ್ಕ್ ಕೂಲರ್) ಟ್ಯಾಂಕು. ಆಮೇಲೆ ಬೆಂಗಳೂರು–ಮಂಗಳೂರು ಹೆದ್ದಾರಿಯ ಹೋಟೆಲುಗಳ ಫ್ರೀಜರು, ಬೇಕರಿಯ ಶೋಕೇಸು, ಔಷಧದಂಗಡಿಯ ಫ್ರಿಜ್ಜು, ಹಾಸನದ ಆಲೂಗಡ್ಡೆ ಬಿತ್ತನೆ ಕಾಯುವ ಕೋಲ್ಡ್ ಸ್ಟೋರೇಜು. ಇವು ಕೆಟ್ಟಾಗ ಬರುವ ಮೆಕ್ಯಾನಿಕ್ಕಿನ ಚೀಲದಲ್ಲಿ ಐವತ್ತು ವರ್ಷಗಳಿಂದ ಏನೇನು ಸೇರಿತು, ಏನು ಹೊರಬಿತ್ತು ಎಂದು ನೋಡುತ್ತ ಹೋದರೆ ಒಂದು ಸಂಗತಿ ಮತ್ತೆ ಮತ್ತೆ ಎದುರಾಗುತ್ತದೆ. ಒಳಗೆ ಓಡುವ ಗ್ಯಾಸ್ ಬದಲಾದಾಗಲೆಲ್ಲ ಹೊರಗಿನ ಹಳೆಯ ಉಪಕರಣ ಕುರುಡಾಗಿದೆ.

ಕರ್ನಾಟಕ ಡೇರಿ ಅಭಿವೃದ್ಧಿ ನಿಗಮ 1974ರಲ್ಲಿ ಹುಟ್ಟಿತು, ಹಾಸನ ಹಾಲು ಒಕ್ಕೂಟ 1977ರಲ್ಲಿ. ಆಗ ಊರಿನಲ್ಲಿ ತಂಪು ಮಾಡುವ ವ್ಯವಸ್ಥೆ ಇರಲಿಲ್ಲ. ಕ್ಯಾನುಗಳು ಲಾರಿ ಏರಿ ಶೀತಲೀಕರಣ ಕೇಂದ್ರಕ್ಕೆ ಹೋಗಬೇಕಿತ್ತು. ಅಂಥ ದೊಡ್ಡ ಘಟಕಗಳಲ್ಲಿ ಓಡುತ್ತಿದ್ದುದು ಅಮೋನಿಯಾ. ಅದರ ಲೀಕ್ ಹಿಡಿಯುವ ಮೊದಲ ಉಪಕರಣ ಮೂಗೇ. ಜಾಗ ಗುರುತಿಸಲು ಗಂಧಕದ ಕಡ್ಡಿ ಹಚ್ಚಿ ಜಾಯಿಂಟುಗಳ ಬಳಿ ಆಡಿಸುತ್ತಿದ್ದರು. ಸೋರುವ ಕಡೆ ದಟ್ಟ ಬಿಳಿ ಹೊಗೆ ಏಳುತ್ತದೆ. ಕೋಲ್ಡ್ ಸ್ಟೋರೇಜುಗಳಲ್ಲಿ ಅಮೋನಿಯಾ ಇಂದಿಗೂ ಉಳಿದಿದೆ, ಆ ವಿದ್ಯೆಯೂ ಉಳಿದಿದೆ.

ಫ್ರಿಜ್ಜಿನ ಆರ್-12 ಮತ್ತು ಎಸಿಯ ಆರ್-22 ಗ್ಯಾಸುಗಳು ವಾಸನೆಯಿಂದ ಸಿಕ್ಕಿಬೀಳುವಂಥವಲ್ಲ. ಅವುಗಳಿಗೆ ಹೇಲೈಡ್ ಟಾರ್ಚ್ ಬಂತು. ಕಾದ ತಾಮ್ರದ ತುಂಡಿನ ಮೇಲೆ ಉರಿಯುವ ಜ್ವಾಲೆಗೆ ಸೋರಿದ ಗ್ಯಾಸ್ ತಗಲಿದರೆ, ಅದರೊಳಗಿನ ಕ್ಲೋರಿನ್‌ನಿಂದಾಗಿ ಜ್ವಾಲೆ ಹಸಿರಾಗುತ್ತದೆ. ಜೊತೆಗೆ ಎರಡು ಗಡಿಯಾರದ ಮ್ಯಾನಿಫೋಲ್ಡ್ ಗೇಜು, ವಿದ್ಯುತ್ ಪರೀಕ್ಷೆಗೆ ಸೀರೀಸ್ ಲ್ಯಾಂಪು, ಕರೆಂಟು ಅಳೆಯಲು ಟಾಂಗ್ ಟೆಸ್ಟರು, ಒಂದು ಡಬ್ಬಿ ಸೋಪುನೀರು. ಇಷ್ಟರಲ್ಲಿ ಒಂದು ತಲೆಮಾರಿನ ಮೆಕ್ಯಾನಿಕ್ಕುಗಳು ಬಾಳುವೆ ನಡೆಸಿದರು. ಕಂಪ್ರೆಸರಿಗೆ ಮರಳುವ ಸಕ್ಷನ್ ಪೈಪನ್ನು ಅಂಗೈಯಲ್ಲಿ ಹಿಡಿದೇ ಗ್ಯಾಸ್ ಎಷ್ಟಿದೆ ಎಂದು ಹೇಳುವವರಿದ್ದರು. ಆ ಕೈ ಅನುಭವ ಸುಳ್ಳಲ್ಲ. ಆದರೆ ಅದು ಒಂದೆರಡೇ ಗ್ಯಾಸುಗಳ ಕಾಲಕ್ಕೆ ಹೊಂದಿದ್ದ ಅನುಭವ.

ಓಜೋನ್ ಪದರ ಉಳಿಸುವ ಮಾಂಟ್ರಿಯಲ್ ಒಪ್ಪಂದ 1987ರಲ್ಲಿ ಆಯಿತು. ಭಾರತ 1992ರಲ್ಲಿ ಸೇರಿತು. 2010ರ ಹೊತ್ತಿಗೆ ಆರ್-12 ಇಲ್ಲಿ ಬಹುತೇಕ ತೆರೆಮರೆಗೆ ಸರಿಯಿತು. ಬದಲಿಗೆ ಬಂದ ಆರ್-134ಎ ಗ್ಯಾಸಿನಲ್ಲಿ ಕ್ಲೋರಿನ್ ಇಲ್ಲ. ಟಾರ್ಚು ಹಿಡಿದರೆ ಜ್ವಾಲೆ ಬಣ್ಣವನ್ನೇ ಬದಲಿಸದು. ಲೀಕ್ ಎಷ್ಟೇ ದೊಡ್ಡದಿರಲಿ, ಉಪಕರಣ ಸುಮ್ಮನಿರುತ್ತದೆ. ಅಲ್ಲಿಂದ ಎಲೆಕ್ಟ್ರಾನಿಕ್ ಲೀಕ್ ಡಿಟೆಕ್ಟರುಗಳ ಕಾಲ. ಮೊದಲಿನವು ಗಾಳಿಯಲ್ಲಿ ಸಣ್ಣ ವಿದ್ಯುತ್ ಹಾಯಿಸಿ ಗ್ಯಾಸಿನ ಗುರುತು ಹಿಡಿಯುತ್ತಿದ್ದವು, ತೇವಕ್ಕೂ ಕೂಗುತ್ತಿದ್ದವು. ನಂತರದ ಹೀಟೆಡ್ ಡಯೋಡ್ ಮತ್ತು ಇನ್ಫ್ರಾರೆಡ್ ಬಗೆಯವು ಹೆಚ್ಚು ನಂಬಿಕೆಯವು. ಬಿಎಂಸಿ ಕೋಣೆಯ ನೆಲ ಸದಾ ಒದ್ದೆ. ಅಲ್ಲಿ ಇನ್ಫ್ರಾರೆಡ್ ಡಿಟೆಕ್ಟರಿಗೆ ಕೊಟ್ಟ ದುಡ್ಡು ವ್ಯರ್ಥವಲ್ಲ ಎಂಬುದು ನನ್ನ ಅಭಿಪ್ರಾಯ.

ಗೇಜಿನ ಕಥೆ ಇನ್ನೂ ಮುಖ್ಯವಾದದ್ದು. ಒಳಗಿನ ಕಾಯಿಲಿನಲ್ಲಿ ಗ್ಯಾಸ್ ಸುಮಾರು 4.4 ಡಿಗ್ರಿಯಲ್ಲಿ ಕುದಿಯುತ್ತಿದ್ದರೆ ಆರ್-22ರ ಒತ್ತಡ ಸುಮಾರು 68 ಪಿಎಸ್‌ಐ. ಅದೇ ಉಷ್ಣಾಂಶಕ್ಕೆ ಆರ್-134ಎ ತೋರಿಸುವುದು 35, ಎಸಿಗಳಲ್ಲಿ ಆರ್-22ರ ಬದಲಿಗೆ ಬಂದ ಆರ್-410ಎ ತೋರಿಸುವುದು 118. ಮುಳ್ಳು ಅರವತ್ತರಾಚೆ ನಿಂತರೆ ಸರಿ ಎಂಬ ಹಳೆಯ ಲೆಕ್ಕ ಹೊಸ ಯಂತ್ರಕ್ಕೆ ಹೊಂದದು. ಆರ್-407ಸಿಯಂಥ ಮಿಶ್ರಣಗಳಲ್ಲಂತೂ ಕುದಿಯಲು ತೊಡಗುವ ಉಷ್ಣಾಂಶ ಒಂದು, ಕುದಿದು ಮುಗಿಯುವ ಉಷ್ಣಾಂಶ ಇನ್ನೊಂದು. ಹಾಗಾಗಿ ಬರಿಯ ಒತ್ತಡದಿಂದ ರೋಗ ಗೊತ್ತಾಗದು; ಒತ್ತಡ ಮತ್ತು ಉಷ್ಣಾಂಶ ಎರಡನ್ನೂ ಕೂಡಿಸಿ ಓದಬೇಕು. ಕುದಿದು ಮುಗಿದ ಮೇಲೆ ಗ್ಯಾಸ್ ಎಷ್ಟು ಡಿಗ್ರಿ ಬಿಸಿಯೇರಿತು (ಸೂಪರ್‌ಹೀಟ್), ದ್ರವವಾದ ಮೇಲೆ ಎಷ್ಟು ಡಿಗ್ರಿ ತಣಿಯಿತು (ಸಬ್‌ಕೂಲಿಂಗ್) ಎಂಬ ಎರಡು ಲೆಕ್ಕ ಇದಕ್ಕೇ ಇರುವುದು. ಡಿಜಿಟಲ್ ಮ್ಯಾನಿಫೋಲ್ಡ್ ಮಾಡುವುದೂ ಇಷ್ಟೇ: ಗ್ಯಾಸಿನ ಹೆಸರು ಆರಿಸಿ, ಪೈಪಿಗೆ ಕ್ಲಾಂಪ್ ಕಚ್ಚಿಸಿದರೆ ಎರಡನ್ನೂ ಲೆಕ್ಕ ಹಾಕಿ ತೋರಿಸುತ್ತದೆ.

ಇದರಿಂದ ಏನಾಯಿತೆಂದು ಹಾಲಿನ ಟ್ಯಾಂಕಿನ ಮೇಲೆಯೇ ನೋಡಬಹುದು. ಹಾಲು ನಿಧಾನವಾಗಿ ತಣಿಯುತ್ತಿದೆ. "ಗ್ಯಾಸ್ ಕಮ್ಮಿಯಾಗಿದೆ, ಹಾಕಿಬಿಡೋಣ" ಎನ್ನುವುದು ಬಾಯಿಗೆ ಮೊದಲು ಬರುವ ಮಾತು. ಸೂಪರ್‌ಹೀಟ್ ಹೆಚ್ಚಿದ್ದು ಸಬ್‌ಕೂಲಿಂಗ್ ಕಡಿಮೆ ಇದ್ದರೆ ಆ ಮಾತು ನಿಜ. ಎರಡೂ ಹೆಚ್ಚಿದ್ದರೆ ಗ್ಯಾಸ್ ಇದೆ, ದಾರಿಯಲ್ಲಿ ಎಲ್ಲೋ ಸಿಕ್ಕಿಕೊಂಡಿದೆ: ಫಿಲ್ಟರ್ ಡ್ರೈಯರ್ ಅಥವಾ ಎಕ್ಸ್‌ಪ್ಯಾನ್ಷನ್ ವಾಲ್ವು. ಹೆಡ್ ಪ್ರೆಶರ್, ಅಂದರೆ ಕಂಪ್ರೆಸರಿನಿಂದ ಹೊರಡುವ ಬದಿಯ ಒತ್ತಡ, ಏರಿದ್ದರೆ ಮೊದಲು ಕಂಡೆನ್ಸರಿನತ್ತ ಹೋಗಬೇಕು. ಹುಲ್ಲಿನ ಹೊಟ್ಟು, ತೆಂಗಿನ ನಾರಿನ ಧೂಳು ರೆಕ್ಕೆಗಳಿಗೆ ಮೆತ್ತಿಕೊಂಡಿರುತ್ತದೆ. ಆ ಸ್ಥಿತಿಯಲ್ಲಿ ಗ್ಯಾಸ್ ತುಂಬುವುದು ಕಂಪ್ರೆಸರನ್ನು ಕೈಯಾರೆ ಕೊಂದಂತೆ. ಲೀಕ್ ಹುಡುಕದೆ ವರ್ಷಕ್ಕೊಮ್ಮೆ ಗ್ಯಾಸ್ ಹಾಕಿಸಿಕೊಳ್ಳುವ ರೂಢಿ ಹಳ್ಳಿಯ ಡೇರಿಗಳನ್ನು ಸುಮ್ಮನೆ ಬಡವಾಗಿಸುತ್ತದೆ. ಅದನ್ನು ತಡೆಯುವುದು ಈ ಎರಡು ಅಂಕಿಗಳೇ.

ಗ್ಯಾಸ್ ತುಂಬುವ ಮುನ್ನ ಪಂಪಿನಿಂದ ಪೈಪುಗಳೊಳಗಿನ ಗಾಳಿ, ತೇವ ಎಳೆದು ತೆಗೆಯುವ ವ್ಯಾಕ್ಯೂಮ್ ವಿಷಯದಲ್ಲಿ ನಮ್ಮ ನೆಲದ ಎತ್ತರವೂ ಲೆಕ್ಕಕ್ಕೆ ಬರುತ್ತದೆ. ಸಮುದ್ರಮಟ್ಟದಲ್ಲಿ ಪೂರ್ಣ ನಿರ್ವಾತವೆಂದರೆ ಗೇಜಿನಲ್ಲಿ ಪಾದರಸದ 30 ಇಂಚು. ಹಾಸನ ಜಿಲ್ಲೆಯ ಬಯಲು ಸೀಮೆ ಸಮುದ್ರಮಟ್ಟದಿಂದ ಹೆಚ್ಚುಕಡಿಮೆ 900 ಮೀಟರ್ ಮೇಲಿದೆ. ಇಲ್ಲಿನ ಗಾಳಿಯ ಒತ್ತಡವೇ ಸುಮಾರು 27 ಇಂಚು. ಪಂಪು ಎಷ್ಟು ಹೊತ್ತು ಓಡಿದರೂ ಮುಳ್ಳು ಅದರಾಚೆ ಹೋಗದು. ಪುಸ್ತಕದ 30 ಇಂಚು ಕಾಯುವವರು ಪಂಪನ್ನು ಬೈಯುತ್ತಾರೆ. ನಿಜವಾದ ತೊಂದರೆಯೆಂದರೆ ಕೊನೆಯ ಇಂಚಿನೊಳಗೇ ತೇವ ಅಡಗಿರುತ್ತದೆ. 25 ಡಿಗ್ರಿ ವಾತಾವರಣದಲ್ಲಿ ಪೈಪಿನೊಳಗಿನ ನೀರು ಕುದಿದು ಹೊರಬರಲು ಒತ್ತಡ 23,800 ಮೈಕ್ರಾನ್‌ಗಿಂತ ಕೆಳಗಿಳಿಯಬೇಕು. ಒಳ್ಳೆಯ ಕೆಲಸಕ್ಕೆ 500 ಮೈಕ್ರಾನ್ ಮುಟ್ಟಿಸಬೇಕು. ಒಂದು ಇಂಚೆಂದರೆ 25,400 ಮೈಕ್ರಾನ್. ಮುಳ್ಳಿನ ಗೇಜಿಗೆ ಈ ಸೂಕ್ಷ್ಮ ಕಾಣದು, ಮೈಕ್ರಾನ್ ಗೇಜಿಗೆ ಕಾಣುತ್ತದೆ. ಪಂಪು ನಿಲ್ಲಿಸಿದ ಮೇಲೆ ಅಂಕಿ ಸ್ವಲ್ಪ ಏರಿ ನಿಂತರೆ ಒಳಗೆ ತೇವ, ನಿಲ್ಲದೆ ಏರುತ್ತಲೇ ಹೋದರೆ ಲೀಕ್. ಹೊಸ ಉಪಕರಣಗಳಲ್ಲಿ ಒಂದನ್ನೇ ಕೊಳ್ಳಲು ಸಾಧ್ಯವಿರುವ ಮೆಕ್ಯಾನಿಕ್ಕಿಗೆ ನಾನು ಹೇಳುವುದು ಮೈಕ್ರಾನ್ ಗೇಜನ್ನೇ.

ಕಂಪ್ರೆಸರ್ ಸುಡುವುದು ಎಷ್ಟೋ ಸಲ ಗ್ಯಾಸಿನಿಂದಲ್ಲ, ಕರೆಂಟಿನಿಂದ. ಮೂರು ಫೇಸುಗಳ ವೋಲ್ಟೇಜಿನಲ್ಲಿ ಶೇ. 3.5ರಷ್ಟು ಅಸಮತೋಲನವಿದ್ದರೂ ಮೋಟಾರಿನ ಬಿಸಿಯೇರಿಕೆ ಸುಮಾರು ಕಾಲು ಭಾಗ ಹೆಚ್ಚುತ್ತದೆ. ಸೀರೀಸ್ ಲ್ಯಾಂಪು ಇದನ್ನು ಹೇಳಲಾರದು. ಟಾಂಗ್ ಟೆಸ್ಟರಿನ ಇಂದಿನ ಡಿಜಿಟಲ್ ರೂಪ ಮೂರೂ ಫೇಸುಗಳ ಕರೆಂಟು, ಸ್ಟಾರ್ಟಾಗುವ ಗಳಿಗೆಯ ಏರಿಕೆ, ಕೆಪಾಸಿಟರಿನ ಬಲ ಎಲ್ಲವನ್ನೂ ಹೇಳಬಲ್ಲದು. ಇನ್ವರ್ಟರ್ ಎಸಿ ತನ್ನ ರೋಗವನ್ನು ತಾನೇ ಎರರ್ ಕೋಡಿನಲ್ಲಿ ತಿಳಿಸುತ್ತದೆ. ಆದರೆ ಕೋಡು ತೋರಿಸುವುದು ನೋವಿನ ಜಾಗವನ್ನಷ್ಟೇ, ಕಾರಣ ಹುಡುಕಲು ಮೀಟರೇ ಬೇಕು.

ಈಗಿನ ಗ್ಯಾಸುಗಳು ಮತ್ತೊಂದು ತಿರುವು ತಂದಿವೆ. ಭೂಮಿಯ ಬಿಸಿಯೇರಿಸುವ ಗ್ಯಾಸುಗಳನ್ನು ತಗ್ಗಿಸುವ ಕಿಗಾಲಿ ತಿದ್ದುಪಡಿ 2016ರಲ್ಲಿ ಬಂತು. ಭಾರತ ಅದನ್ನು 2021ರಲ್ಲಿ ಅಂಗೀಕರಿಸಿತು. ಮನೆಯ ಫ್ರಿಜ್ಜಿನೊಳಗೆ ಈಗ ಸಾಮಾನ್ಯವಾಗಿರುವುದು ಆರ್-600ಎ, ಅಂದರೆ ಐಸೋಬ್ಯೂಟೇನ್, ಅದೂ ಕೆಲವೇ ಹತ್ತು ಗ್ರಾಂ. ಮ್ಯಾನಿಫೋಲ್ಡಿನ ಉದ್ದ ಹೋಸು ಜೋಡಿಸಿ ತೆಗೆದರೆ ಹೋಸಿನೊಳಗೇ ಒಂದಷ್ಟು ಗ್ಯಾಸ್ ಹೋಗುತ್ತದೆ. ಚೆನ್ನಾಗಿದ್ದ ಫ್ರಿಜ್ಜನ್ನು ಪರೀಕ್ಷೆಯೇ ಕೆಡಿಸಬಹುದು. ಅದು ಓಡುವಾಗ ಸಕ್ಷನ್ ಬದಿಯ ಒತ್ತಡ ಹೊರಗಿನ ಗಾಳಿಗಿಂತ ಕಡಿಮೆ. ಆ ಬದಿಯಲ್ಲಿ ಸಣ್ಣ ತೂತಿದ್ದರೆ ಗ್ಯಾಸ್ ಹೊರಬರುವ ಬದಲು ಗಾಳಿ ಒಳಹೋಗುತ್ತದೆ, ಡಿಟೆಕ್ಟರಿಗೆ ಏನೂ ಸಿಗದು. ಯಂತ್ರ ನಿಲ್ಲಿಸಿ, ನೈಟ್ರೋಜನ್ ತುಂಬಿ ಸೋಪುನೀರು ಹಚ್ಚುವುದೇ ದಾರಿ. ಐಸೋಬ್ಯೂಟೇನ್ ಹೊತ್ತಿಕೊಳ್ಳುವ ಗ್ಯಾಸ್ ಬೇರೆ. ಹಳೆಯ ಹೇಲೈಡ್ ಟಾರ್ಚನ್ನು ಅದರ ಹತ್ತಿರ ತರಲೇಬಾರದು. ಗ್ರಾಂ ಲೆಕ್ಕದಲ್ಲಿ ತೂಗುವ ತಕ್ಕಡಿ ಈಗ ರೋಗ ಪತ್ತೆಯ ಸಲಕರಣೆಯಲ್ಲೇ ಸೇರಿದೆ.

ಮುಟ್ಟದೆ ಉಷ್ಣಾಂಶ ಹೇಳುವ ಇನ್ಫ್ರಾರೆಡ್ ಗನ್ನು ಕಡಿಮೆ ಬೆಲೆಗೆ ಸಿಗುವುದರಿಂದ ಎಲ್ಲರ ಚೀಲದಲ್ಲೂ ಇದೆ. ಹೊಳೆಯುವ ತಾಮ್ರ ಮತ್ತು ಸ್ಟೀಲಿನ ಮೇಲೆ ಅದು ತಪ್ಪು ಹೇಳುತ್ತದೆ, ಹಾಲಿನ ಟ್ಯಾಂಕು ಇರುವುದೇ ಸ್ಟೀಲಿನಲ್ಲಿ. ಕಪ್ಪು ಇನ್ಸುಲೇಷನ್ ಟೇಪಿನ ಒಂದು ತುಂಡು ಅಂಟಿಸಿ ಅದಕ್ಕೆ ಗುರಿಯಿಟ್ಟರೆ ಸತ್ಯಕ್ಕೆ ಹತ್ತಿರವಾಗುತ್ತದೆ.

ಇತ್ತೀಚಿನದು ಪೈಪಿಗೆ ಕಚ್ಚಿಸಿ ಮೊಬೈಲಿನಲ್ಲಿ ಓದುವ ಬ್ಲೂಟೂತ್ ಪ್ರೋಬುಗಳು, ಮತ್ತು ಬಿಎಂಸಿಯ ಉಷ್ಣಾಂಶವನ್ನು ಹಗಲಿರುಳು ದಾಖಲಿಸುವ ಸೆನ್ಸರುಗಳು. ಬೆಂಗಳೂರಿನಲ್ಲಿ 2011ರಲ್ಲಿ ಆರಂಭವಾದ ಸ್ಟೆಲ್ಯಾಪ್ಸ್ ಹಾಲಿನ ಸರಪಳಿಗೆ ಇಂಥ ನಿಗಾ ವ್ಯವಸ್ಥೆ ಒದಗಿಸುವ ಸಂಸ್ಥೆಗಳಲ್ಲೊಂದು. ಟ್ಯಾಂಕು 4 ಡಿಗ್ರಿಗೆ ಇಳಿಯಲು ಹೋದ ತಿಂಗಳಿಗಿಂತ ಈ ತಿಂಗಳು ಅರ್ಧ ಗಂಟೆ ಹೆಚ್ಚು ಹಿಡಿಯುತ್ತಿದ್ದರೆ, ಹಾಲು ಕೆಡುವ ಮುನ್ನವೇ ರೋಗ ತಿಳಿದಂತಾಯಿತು. ಆ ದಾಖಲೆ ಹಾಲಿನ ಗುಣಮಟ್ಟ ನೋಡುವವರ ಪರದೆಯಲ್ಲಿ ಮುಗಿಯಬಾರದು. ಬೈಕಿನಲ್ಲಿ ಚೀಲ ಹೊತ್ತು ಡೇರಿಗೆ ಬರುವ ಮೆಕ್ಯಾನಿಕ್ಕಿಗೂ ಕಾಣಬೇಕು. ಕಂಡರೆ ಅವರು ಬರುವಾಗಲೇ ಗ್ಯಾಸ್ ಸಿಲಿಂಡರು ತರಬೇಕೋ, ಕಂಡೆನ್ಸರ್ ತೊಳೆಯುವ ಪಂಪು ತರಬೇಕೋ ಎಂದು ತೀರ್ಮಾನಿಸಿ ಬರುತ್ತಾರೆ.